ವಿದ್ಯಾರ್ಥಿ ಸಂಶೋಧನೆ ಮತ್ತು ಶೈಕ್ಷಣಿಕ ದಾಖಲೆಗಳ ಕಾಲೇಜು ಭಂಡಾರ: ಎಲ್ಲಿಂದ ಆರಂಭಿಸಬೇಕು, ಯಾವ ಕ್ರಮದಲ್ಲಿ ಸಾಗಬೇಕು

ಪ್ರಾಜೆಕ್ಟ್ ವರದಿ, ಕ್ಷೇತ್ರಕಾರ್ಯದ ದಾಖಲೆ, ಸ್ನಾತಕೋತ್ತರ ಸಂಪ್ರಬಂಧ, ಹಳೆಯ ಪ್ರಶ್ನೆಪತ್ರಿಕೆ, ಪ್ರವೇಶ ನೋಂದಣಿ ಪುಸ್ತಕ ಇವೆಲ್ಲವನ್ನೂ ಡಿಜಿಟಲ್ ರೂಪದಲ್ಲಿ ಒಂದೆಡೆ ಕೂಡಿಡುವ ಕೆಲಸವು ನಮ್ಮ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ತಂಡದ ಭೇಟಿ ಹತ್ತಿರವಾದಾಗ ಭರದಿಂದ ಆರಂಭವಾಗಿ, ತಂಡ ಬಂದು ಹೋದ ಮೇಲೆ ನಿಂತುಹೋಗುತ್ತದೆ. ಎರಡು ವರ್ಷ ಬಿಟ್ಟು ನೋಡಿದರೆ ಯಾವುದೋ ಕಂಪ್ಯೂಟರಿನಲ್ಲಿ ‘ಹೊಸ ಫೋಲ್ಡರ್ 3’ ಎಂಬ ಹೆಸರಿನಡಿ ಸಾವಿರಾರು ಸ್ಕ್ಯಾನ್ ಚಿತ್ರಗಳಿರುತ್ತವೆ. ಯಾವ ಚಿತ್ರ ಯಾವ ವರದಿಯದು ಎಂದು ಹೇಳಬಲ್ಲವರು ವರ್ಗಾವಣೆಯಾಗಿ ಹೋಗಿರುತ್ತಾರೆ. ಇದಕ್ಕೆ ಹಣದ ಕೊರತೆಯನ್ನು ಕಾರಣವಾಗಿ ಹೇಳುವುದುಂಟು. ನಿಜವಾದ ಕಾರಣ ಕೆಲಸದ ಕ್ರಮ ತಲೆಕೆಳಗಾಗಿರುವುದು: ಮೊದಲು ಸಾಫ್ಟ್‌ವೇರ್, ಆಮೇಲೆ ಸ್ಕ್ಯಾನಿಂಗ್, ಆಮೇಲೆ ಪಟ್ಟಿ, ಯಾರು ಏನನ್ನು ನೋಡಬಹುದೆಂಬ ನಿಯಮವಂತೂ ಕೊನೆಗೂ ಇಲ್ಲ. ಈ ಮಾರ್ಗದರ್ಶಿಯು ಅದೇ ಕೆಲಸಗಳನ್ನು ಹಿಂದುಮುಂದಾಗಿ ಜೋಡಿಸುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜಿತವಾದ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಜೊತೆಗೆ ಒಂದೆರಡು ಸ್ನಾತಕೋತ್ತರ ವಿಭಾಗಗಳಿರುವ ಮಧ್ಯಮ ಗಾತ್ರದ ಕಾಲೇಜನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

## ಕೈಗೆ ಬೇಕಾದದ್ದು

ಮೊದಲು ಬೇಕಾದದ್ದು ಯಂತ್ರವಲ್ಲ, ಪ್ರಾಂಶುಪಾಲರ ಲಿಖಿತ ಆದೇಶ. ಗ್ರಂಥಪಾಲಕರು, ಕಚೇರಿಯ ಒಬ್ಬ ಗುಮಾಸ್ತರು, ಪ್ರತಿ ವಿಭಾಗದಿಂದ ಒಬ್ಬ ಅಧ್ಯಾಪಕರು ಮತ್ತು ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಚಾಲಕರು ಇರುವ ಸಣ್ಣ ಸಮಿತಿಯನ್ನು ಆ ಆದೇಶ ನೇಮಿಸಬೇಕು; ವಿಭಾಗದ ಬೀರುಗಳನ್ನು ತೆರೆದು ನೋಡುವ ಅಧಿಕಾರ ಯಾರಿಗಿದೆ ಎಂಬುದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಆದೇಶವಿಲ್ಲದೆ ಆರಂಭಿಸಿದರೆ, ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ ಎಂಬ ಮಾತಿನಲ್ಲೇ ಒಂದು ಸೆಮಿಸ್ಟರ್ ಕಳೆದುಹೋಗುತ್ತದೆ.

ಉಪಕರಣಗಳಲ್ಲಿ ಒಂದು ಸಾಧಾರಣ ಕಂಪ್ಯೂಟರ್, ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್, ಎರಡು ಬಾಹ್ಯ ಹಾರ್ಡ್ ಡಿಸ್ಕ್ ಮತ್ತು ಒಂದು ರಬ್ಬರ್ ಮೊಹರು ಸಾಕು. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್ ಇದ್ದರೆ ಸ್ಪೈರಲ್ ಬಿಚ್ಚಿದ ವರದಿಗಳಿಗೆ ಅನುಕೂಲ, ಆದರೆ ಹಳೆಯ ತೆಳು ಹಾಳೆಗಳನ್ನು ಅದಕ್ಕೆ ಕೊಡಬಾರದು. ಸಾಫ್ಟ್‌ವೇರ್‌ಗಳಲ್ಲಿ ಲಿಬ್ರೆಆಫೀಸ್, ಟೆಸೆರಾಕ್ಟ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಸಾಫ್ಟ್‌ವೇರ್) ಮತ್ತು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಕೀಲಿಮಣೆ ಉಚಿತವಾಗಿ ಸಿಗುತ್ತವೆ. ಭಂಡಾರದ ಸಾಫ್ಟ್‌ವೇರ್ ಏಳನೆಯ ಹಂತದವರೆಗೆ ಬೇಕಾಗುವುದಿಲ್ಲ. ಅಲ್ಲಿಯವರೆಗೆ ಅದರ ಬಗ್ಗೆ ಮಾರಾಟಗಾರರ ಜೊತೆ ಮಾತುಕತೆ ನಡೆಸುವುದೂ ಬೇಡ.

## ಹಂತ 1: ಇರುವುದನ್ನು ಎಣಿಸಿ

ಸ್ಕ್ಯಾನರಿನ ಪೆಟ್ಟಿಗೆ ತೆರೆಯುವ ಮೊದಲು ಕಾಲೇಜಿನಲ್ಲಿ ಏನೇನಿದೆ ಎಂಬುದರ ಪಟ್ಟಿಯಾಗಬೇಕು. ಗ್ರಂಥಾಲಯ, ಪ್ರತಿ ವಿಭಾಗದ ಕೊಠಡಿ, ಕಚೇರಿ, ಪರೀಕ್ಷಾ ವಿಭಾಗ, ಪ್ರಯೋಗಾಲಯ, ಎನ್‌ಎಸ್‌ಎಸ್ ಕೊಠಡಿ ಇವುಗಳನ್ನು ಒಂದೊಂದಾಗಿ ನೋಡಿ, ಪ್ರತಿ ಬೀರುವಿಗೂ ಒಂದು ಸಾಲು ಬರೆಯಿರಿ: ಯಾವ ಬಗೆಯ ದಾಖಲೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಸುಮಾರು ಎಷ್ಟು, ಯಾವ ಸ್ಥಿತಿಯಲ್ಲಿ. ಈ ಹಂತದಲ್ಲಿ ಒಂದೊಂದು ವರದಿಯ ಶೀರ್ಷಿಕೆ ಬರೆಯಲು ಹೋಗಬೇಡಿ. ಹಾಗೆ ಹೋದವರು ಮೊದಲ ಬೀರುವಿನಲ್ಲೇ ಉಳಿದುಬಿಡುತ್ತಾರೆ.

ದಾಖಲೆಗಳ ವ್ಯಾಪ್ತಿ ನಾವು ಊಹಿಸುವುದಕ್ಕಿಂತ ದೊಡ್ಡದಾಗಿರುತ್ತದೆ. ಸಂಶೋಧನೆಯ ಕಡೆ ಪದವಿ ಪ್ರಾಜೆಕ್ಟ್, ಸ್ನಾತಕೋತ್ತರ ಸಂಪ್ರಬಂಧ, ಇಂಟರ್ನ್‌ಶಿಪ್ ವರದಿ, ಸೆಮಿನಾರ್ ಪ್ರಬಂಧ, ಸಮೀಕ್ಷೆಯ ಪ್ರಶ್ನಾವಳಿ ಹಾಗೂ ಮೂಲ ದತ್ತಾಂಶ, ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂ (ಒಣಗಿಸಿ ಅಂಟಿಸಿದ ಸಸ್ಯಗಳ) ಹಾಳೆಗಳ ವಿವರ, ಜಾನಪದ ಸಂಗ್ರಹದ ಧ್ವನಿಮುದ್ರಣ, ಕಾಲೇಜಿನ ವಾರ್ಷಿಕ ಸಂಚಿಕೆ ಎಲ್ಲವೂ ಬರುತ್ತವೆ. ಶೈಕ್ಷಣಿಕ ದಾಖಲೆಗಳ ಕಡೆ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪ್ರವೇಶ ನೋಂದಣಿ, ಹಾಜರಾತಿ, ಆಂತರಿಕ ಅಂಕಗಳ ಪಟ್ಟಿ, ವಿಶ್ವವಿದ್ಯಾಲಯದಿಂದ ಬಂದ ಫಲಿತಾಂಶ ಪಟ್ಟಿ, ವರ್ಗಾವಣೆ ಪತ್ರದ ಪ್ರತಿಪುಸ್ತಕ, ವಿದ್ಯಾರ್ಥಿವೇತನದ ಕಡತಗಳಿವೆ.

ಇವುಗಳಲ್ಲಿ ಜನರು ಸದಾ ಮರೆಯುವುದು ಪಠ್ಯಕ್ರಮವನ್ನು. ಹಳೆಯ ವಿದ್ಯಾರ್ಥಿಯೊಬ್ಬರು ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆಗೆ ತಾವು ಓದಿದ ವರ್ಷದ ಪಠ್ಯಕ್ರಮದ ಪ್ರತಿಯನ್ನೂ ಕೇಳಿಕೊಂಡು ಕಾಲೇಜಿಗೆ ಬರುತ್ತಾರೆ. ಕರ್ನಾಟಕದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ ಜಾರಿಗೆ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಯ ವ್ಯವಸ್ಥೆಗೆ ಮರಳಲಾಯಿತು. ಹೀಗಾಗಿ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ವಿಷಯಕ್ಕೆ ಮೂರು ಬಗೆಯ ಪಠ್ಯಕ್ರಮಗಳಿವೆ. ಪಠ್ಯಕ್ರಮವನ್ನು ಪ್ರಕಟವಾದ ವರ್ಷದ ಪ್ರಕಾರ ಜೋಡಿಸದೆ, ಅದು ಯಾವ ವರ್ಷ ಪ್ರವೇಶ ಪಡೆದವರಿಗೆ ಅನ್ವಯಿಸುತ್ತದೆಯೋ ಆ ಪ್ರಕಾರ ಜೋಡಿಸಿ. ಕೇಳಲು ಬರುವವರಿಗೆ ತಾವು ಸೇರಿದ ವರ್ಷ ಮಾತ್ರ ನೆನಪಿರುತ್ತದೆ.

## ಹಂತ 2: ತೆರೆದದ್ದು ಮತ್ತು ಮುಚ್ಚಿದ್ದನ್ನು ಬೇರ್ಪಡಿಸಿ

ಇಡೀ ಕೆಲಸದಲ್ಲಿ ಇದೇ ನಿರ್ಣಾಯಕ ಹಂತ. ಸಂಶೋಧನೆಯು ಇತರರು ಓದಲೆಂದು ಬರೆದದ್ದು. ಅಂಕಗಳ ಪಟ್ಟಿಯು ವ್ಯಕ್ತಿಯೊಬ್ಬರ ಖಾಸಗಿ ವಿವರ. ಎರಡನ್ನೂ ಒಂದೇ ಸರ್ವರಿನಲ್ಲಿ, ಒಂದೇ ಪಾಸ್‌ವರ್ಡಿನಡಿ ಇಡುವುದು ತಪ್ಪು. ಮೊದಲ ಹಂತದ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಬಗೆಯ ದಾಖಲೆಯ ಎದುರು ಈ ಮೂರರಲ್ಲಿ ಒಂದನ್ನು ಬರೆಯಿರಿ: ಎಲ್ಲರಿಗೂ ತೆರೆದದ್ದು, ಕ್ಯಾಂಪಸ್ಸಿನ ಒಳಗೆ ಮಾತ್ರ, ಕಚೇರಿಯ ಬೀಗದೊಳಗೆ.

ಪಠ್ಯಕ್ರಮ, ಪ್ರಶ್ನೆಪತ್ರಿಕೆ, ವಾರ್ಷಿಕ ಸಂಚಿಕೆ, ಒಪ್ಪಿಗೆ ದೊರೆತ ಸಂಪ್ರಬಂಧಗಳು ಮೊದಲ ಗುಂಪಿಗೆ ಸೇರುತ್ತವೆ. ಒಪ್ಪಿಗೆ ಸಿಗದ ಹಳೆಯ ವರದಿಗಳು ಎರಡನೆಯ ಗುಂಪಿಗೆ. ಪ್ರವೇಶ ನೋಂದಣಿ, ಅಂಕ, ಹಾಜರಾತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಬ್ಯಾಂಕ್ ವಿವರ ಮೂರನೆಯ ಗುಂಪಿಗೆ. ಇವನ್ನು ಸಂರಕ್ಷಣೆಗಾಗಿ ಸ್ಕ್ಯಾನ್ ಮಾಡಬಹುದು, ಅಂತರ್ಜಾಲಕ್ಕೆ ಜೋಡಿಸಿದ ಭಂಡಾರಕ್ಕೆ ಏರಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ ಮತ್ತು ಅವರ ವಿವರಗಳಿಗೆ ಪೋಷಕರ ಒಪ್ಪಿಗೆಯನ್ನು ಬಯಸುತ್ತದೆ. ಮೊದಲ ವರ್ಷದ ಪದವಿ ತರಗತಿಯಲ್ಲಿ ಅಂಥವರು ಇರುತ್ತಾರೆ. ಪದವಿಪೂರ್ವ ವಿಭಾಗವೂ ಇರುವ ಕಾಲೇಜಿನಲ್ಲಂತೂ ಬಹುಪಾಲು ಅವರೇ.

ಅಂಕಪಟ್ಟಿಗಳ ವಿಷಯದಲ್ಲಿ ಒಂದು ಅನಗತ್ಯ ಶ್ರಮವನ್ನು ಇಲ್ಲೇ ತಪ್ಪಿಸಬಹುದು. ಸಂಯೋಜಿತ ಕಾಲೇಜಿನ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರದ ಅಧಿಕೃತ ಮೂಲ ವಿಶ್ವವಿದ್ಯಾಲಯವೇ ಹೊರತು ಕಾಲೇಜಲ್ಲ. ಡಿಜಿಲಾಕರ್ ಮೂಲಕ ನಡೆಯುವ ರಾಷ್ಟ್ರೀಯ ಶೈಕ್ಷಣಿಕ ಠೇವಣಿಗೆ ಅವುಗಳನ್ನು ಸೇರಿಸುವುದೂ ಪದವಿ ನೀಡುವ ಸಂಸ್ಥೆಯೇ. ಆದ್ದರಿಂದ ಪ್ರತಿ ವಿದ್ಯಾರ್ಥಿಯ ಅಂಕಪಟ್ಟಿಯನ್ನು ಕಾಲೇಜು ಮತ್ತೆ ಸ್ಕ್ಯಾನ್ ಮಾಡುತ್ತ ಕೂರಬೇಕಿಲ್ಲ. ಕಾಲೇಜಿನಲ್ಲಲ್ಲದೆ ಬೇರೆಲ್ಲೂ ಸಿಗದಂಥ ಪ್ರವೇಶ ನೋಂದಣಿ ಮತ್ತು ವರ್ಗಾವಣೆ ಪತ್ರದ ಪ್ರತಿಪುಸ್ತಕಗಳಿಗೆ ಆ ಶ್ರಮವನ್ನು ಮೀಸಲಿಡಿ. ಜನ್ಮದಿನಾಂಕ ಅಥವಾ ಹೆಸರಿನ ಅಕ್ಷರದ ಬಗ್ಗೆ ದಶಕಗಳ ನಂತರ ಪ್ರಶ್ನೆ ಎದ್ದಾಗ ಉತ್ತರ ಇರುವುದು ಅಲ್ಲಿಯೇ.

ಸಂಶೋಧನಾ ವರದಿಯೊಳಗೂ ಮುಚ್ಚಿಡಬೇಕಾದ ಭಾಗಗಳಿರುತ್ತವೆ. ಸಮಾಜಶಾಸ್ತ್ರದ ಗ್ರಾಮ ಸಮೀಕ್ಷೆಯ ಅನುಬಂಧದಲ್ಲಿ ಮನೆಯೊಡೆಯರ ಹೆಸರು, ಜಾತಿ, ಆದಾಯ, ಮೊಬೈಲ್ ಸಂಖ್ಯೆ ಸಾಲಾಗಿ ಇರುವುದು ಸಾಮಾನ್ಯ. ಅಂಗನವಾಡಿ ಮಕ್ಕಳ ಫೋಟೋಗಳು, ರೋಗಿಗಳ ಸಂದರ್ಶನಗಳೂ ಹಾಗೆಯೇ. ಇತಿಹಾಸ ವಿಭಾಗದವರು ಕಾವಲಿಲ್ಲದ ವೀರಗಲ್ಲು, ಮಾಸ್ತಿಕಲ್ಲು, ಬಿಡಿ ವಿಗ್ರಹಗಳ ನಿಖರ ಸ್ಥಳವನ್ನು ನಕ್ಷೆಯ ಸಮೇತ ಬರೆದಿರುತ್ತಾರೆ. ಸಸ್ಯಶಾಸ್ತ್ರದವರು ಅಪರೂಪದ ಆರ್ಕಿಡ್ ಇರುವ ಜಾಗವನ್ನು ಬರೆದಿರುತ್ತಾರೆ. ಇವನ್ನು ತೆರೆದಿಟ್ಟರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಇಂಥ ಪುಟಗಳನ್ನು ತೆಗೆದ ಸಾರ್ವಜನಿಕ ಪ್ರತಿಯೊಂದನ್ನು ಬೇರೆಯಾಗಿ ಮಾಡಿ, ಪೂರ್ಣ ಪ್ರತಿಯನ್ನು ಒಳಗಿಡಿ. ಮಾರ್ಗದರ್ಶಕರ ಮತ್ತು ಪ್ರಾಂಶುಪಾಲರ ಸಹಿ, ಕಾಲೇಜಿನ ಮುದ್ರೆ ಇರುವ ಪ್ರಮಾಣಪತ್ರದ ಪುಟವನ್ನೂ ಸಾರ್ವಜನಿಕ ಪ್ರತಿಯಿಂದ ತೆಗೆಯಿರಿ. ಸ್ಪಷ್ಟವಾಗಿ ಸ್ಕ್ಯಾನ್ ಆದ ಸಹಿ ಮತ್ತು ಮುದ್ರೆ ನಕಲಿ ಪತ್ರ ತಯಾರಿಸುವವರಿಗೆ ಬೇಕಾದ ವಸ್ತು.

## ಹಂತ 3: ಒಪ್ಪಿಗೆ ಪತ್ರ ಪಡೆಯಿರಿ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಾಜೆಕ್ಟ್ ವರದಿಯ ಹಕ್ಕು ಸಾಮಾನ್ಯವಾಗಿ ಅದನ್ನು ಬರೆದ ವಿದ್ಯಾರ್ಥಿಯದು. ವಿದ್ಯಾರ್ಥಿ ಕಾಲೇಜಿನ ನೌಕರನಲ್ಲ. ಬೈಂಡ್ ಮಾಡಿದ ಪ್ರತಿ ಕಾಲೇಜಿನ ಬೀರುವಿನಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಪ್ರಕಟಿಸುವ ಹಕ್ಕು ಕಾಲೇಜಿಗೆ ಬರುವುದಿಲ್ಲ.

ಒಂದು ಪುಟದ ಒಪ್ಪಿಗೆ ಪತ್ರದಲ್ಲಿ ನಾಲ್ಕು ವಿಷಯಗಳಿದ್ದರೆ ಸಾಕು: ಹಕ್ಕು ವಿದ್ಯಾರ್ಥಿಯಲ್ಲೇ ಉಳಿಯುತ್ತದೆ, ಕಾಲೇಜಿಗೆ ಇಟ್ಟುಕೊಳ್ಳಲು ಮತ್ತು ತೋರಿಸಲು ಮಾತ್ರ ಅನುಮತಿಯಿದೆ, ತಕ್ಷಣ ತೆರೆಯಬಹುದೇ ಅಥವಾ ಒಂದೆರಡು ವರ್ಷ ತಡೆಹಿಡಿಯಬೇಕೇ, ಮತ್ತು ವರದಿಯಲ್ಲಿ ಬೇರೆಯವರ ಚಿತ್ರ ಅಥವಾ ನಕ್ಷೆ ಇದ್ದರೆ ಅದರ ಮೂಲ ಯಾವುದು. ಗುಂಪು ಪ್ರಾಜೆಕ್ಟ್ ಆಗಿದ್ದರೆ ಎಲ್ಲ ಸದಸ್ಯರ ಸಹಿಯೂ ಬೇಕು. ಗುಂಪಿನ ನಾಯಕರೊಬ್ಬರ ಸಹಿ ಸಾಲದು. ಸಂಪ್ರಬಂಧವನ್ನು ಲೇಖನವಾಗಿ ಪ್ರಕಟಿಸುವ ಉದ್ದೇಶ ಇರುವವರಿಗೆ ತಡೆಹಿಡಿಯುವ ಆಯ್ಕೆ ಇದೆ ಎಂಬುದನ್ನು ಬಾಯಿಮಾತಿನಲ್ಲೂ ತಿಳಿಸಿ, ಏಕೆಂದರೆ ಅರ್ಜಿಯನ್ನು ಓದದೆ ಸಹಿ ಹಾಕುವುದು ನಮ್ಮಲ್ಲಿ ರೂಢಿ.

ಕೃತಿಚೌರ್ಯದ ಪರಿಶೀಲನೆಯೂ ಈ ಹಂತಕ್ಕೇ ಸೇರಿದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯು ಸಂಪ್ರಬಂಧ ಮತ್ತು ಮಹಾಪ್ರಬಂಧಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಶೇ. 10ರಿಂದ 40, 40ರಿಂದ 60, 60ಕ್ಕಿಂತ ಹೆಚ್ಚು ಎಂಬ ಮೂರು ಮಟ್ಟಗಳಿಗೆ ಬೇರೆ ಬೇರೆ ಕ್ರಮಗಳನ್ನು ಹೇಳುತ್ತದೆ. ಸಾಂಸ್ಥಿಕ ಭಂಡಾರ ಇರಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಆದರೆ ಸಾಫ್ಟ್‌ವೇರ್ ಕೊಡುವ ಶೇಕಡಾವಾರು ಅಂಕಿಯೊಂದನ್ನೇ ನಂಬಬೇಡಿ. ಪದವಿ ಪ್ರಾಜೆಕ್ಟುಗಳಲ್ಲಿ ನಕಲು ಸಿಕ್ಕಿಬೀಳುವುದು ಬಹುಮಟ್ಟಿಗೆ ಕೃತಜ್ಞತೆಯ ಪುಟದಲ್ಲಿ: ಈ ವರ್ಷದ ವರದಿಯಲ್ಲಿ ಕಳೆದ ವರ್ಷವೇ ನಿವೃತ್ತರಾದ ಮಾರ್ಗದರ್ಶಕರಿಗೆ ಧನ್ಯವಾದ ಹೇಳಿದ್ದರೆ, ಒಳಗಿನ ಅಧ್ಯಾಯಗಳನ್ನೂ ಹಿಂದಿನ ವರದಿಗಳ ಜೊತೆ ಇಟ್ಟು ನೋಡಬೇಕು.

## ಹಂತ 4: ವಿವರದ ಹಾಳೆ ತಯಾರಿಸಿ

ಈಗ ಪ್ರತಿ ವರದಿಗೂ ಒಂದು ಸಾಲಿನಂತೆ ಸ್ಪ್ರೆಡ್‌ಶೀಟ್ ತುಂಬಬೇಕು. ದಾಖಲೆಗಳ ವಿವರ ಬರೆಯಲು ಬಳಸುವ ಡಬ್ಲಿನ್ ಕೋರ್ ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿ 15 ಮೂಲ ಅಂಶಗಳಿವೆ. ನಮ್ಮ ಕೆಲಸಕ್ಕೆ ಶೀರ್ಷಿಕೆ, ಬರೆದವರು, ಮಾರ್ಗದರ್ಶಕರು, ವಿಭಾಗ, ದಿನಾಂಕ, ಬಗೆ, ಭಾಷೆ, ವಿಷಯಪದಗಳು, ಸಾರಾಂಶ, ಸ್ಥಳ, ಹಕ್ಕು, ಗುರುತುಸಂಖ್ಯೆ ಇಷ್ಟಿದ್ದರೆ ಸಾಕು. ನಲವತ್ತು ಅಂಕಣಗಳ ಹಾಳೆಯನ್ನು ಯಾರೂ ಕೊನೆಯವರೆಗೆ ತುಂಬುವುದಿಲ್ಲ. ನ್ಯಾಕ್‌ಗೆ ಬೇಕಾದ ಎರಡು ಅಂಕಣಗಳನ್ನು ಮಾತ್ರ ಹೆಚ್ಚುವರಿಯಾಗಿ ಸೇರಿಸಿ: ಶೈಕ್ಷಣಿಕ ವರ್ಷ ಮತ್ತು ಪ್ರೋಗ್ರಾಂ ಕೋಡ್. ಪ್ರಾಜೆಕ್ಟ್, ಕ್ಷೇತ್ರಕಾರ್ಯ, ಇಂಟರ್ನ್‌ಶಿಪ್ ಮಾಡಿದವರ ವರ್ಷವಾರು ಪಟ್ಟಿ ಕೇಳಿದ ದಿನ ಈ ಹಾಳೆಯಿಂದಲೇ ಅದನ್ನು ತೆಗೆದುಕೊಡಬಹುದು.

ಹೆಸರು ಬರೆಯುವ ಕ್ರಮವನ್ನು ಮೊದಲೇ ತೀರ್ಮಾನಿಸಿ. ‘ಎಸ್. ಮಂಜುನಾಥ’, ‘ಮಂಜುನಾಥ ಎಸ್.’, ‘ಮಂಜುನಾಥ್ ಎಸ್’ ಎಂದು ಮೂರು ರೀತಿ ಬರೆದರೆ ಕಂಪ್ಯೂಟರಿನ ಲೆಕ್ಕಕ್ಕೆ ಮೂವರು ವ್ಯಕ್ತಿಗಳು. ಪಾಶ್ಚಾತ್ಯ ಪದ್ಧತಿಯಂತೆ ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಂದುಮುಂದು ಮಾಡುವುದು ನಮ್ಮ ಹೆಸರುಗಳಿಗೆ ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ಇನಿಷಿಯಲ್ ತಂದೆಯದೂ ಆಗಿರಬಹುದು, ಊರಿನದೂ ಆಗಿರಬಹುದು. ಪ್ರವೇಶ ನೋಂದಣಿಯಲ್ಲಿ ಇರುವಂತೆಯೇ ಬರೆಯಿರಿ, ಇನಿಷಿಯಲ್ ಅನ್ನು ಮಾತ್ರ ಎಲ್ಲರಿಗೂ ಕೊನೆಗೆ ಹಾಕಿ. ಮಾರ್ಗದರ್ಶಕರ ಹೆಸರುಗಳಿಗೆ ಪ್ರತ್ಯೇಕ ಪಟ್ಟಿ ಮಾಡಿಕೊಂಡು ಅದರಿಂದಲೇ ಆಯ್ದು ಹಾಕಿ, ‘ಡಾ.’, ‘ಪ್ರೊ.’ ಮುಂತಾದವು ಬೇಡ.

ಗುರುತುಸಂಖ್ಯೆಯನ್ನು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳಲ್ಲಿ ಮಾತ್ರ ಇಡಿ: ವಿಭಾಗದ ಮೂರಕ್ಷರ, ವರ್ಷ, ಕ್ರಮಸಂಖ್ಯೆ. ಅರ್ಥಶಾಸ್ತ್ರದ 2024ರ ಹದಿನೇಳನೆಯ ವರದಿಯ ಸಂಖ್ಯೆ ECO-2024-017 ಆಗುತ್ತದೆ. ಇದೇ ಸಂಖ್ಯೆ ಕಡತದ ಹೆಸರೂ ಹೌದು, ಮುದ್ರಿತ ಪ್ರತಿಯ ಮೇಲಿನ ಮೊಹರಿನ ಸಂಖ್ಯೆಯೂ ಹೌದು. ಕಡತದ ಹೆಸರಿನಲ್ಲಿ ವಿದ್ಯಾರ್ಥಿಯ ಹೆಸರು, ಖಾಲಿ ಜಾಗ, ಕನ್ನಡ ಅಕ್ಷರ ಬೇಡ. ಜಿಪ್ ಮಾಡಿ ಬೇರೆ ಕಂಪ್ಯೂಟರಿಗೆ ಒಯ್ದಾಗ ಕನ್ನಡ ಹೆಸರುಗಳು ಕೆಡುವ ಸಾಧ್ಯತೆಯಿದೆ. ದಿನಾಂಕವನ್ನು 2024-06-15 ಎಂಬಂತೆ ವರ್ಷ ಮೊದಲಾಗಿ ಬರೆದರೆ ಸರದಿ ತಾನಾಗಿಯೇ ಸರಿಯಾಗುತ್ತದೆ.

ಎಕ್ಸೆಲ್ ಬಳಸುವವರು ಎರಡು ಹಾನಿಗಳನ್ನು ನಿರೀಕ್ಷಿಸಬೇಕು. ನಡುವೆ ಇಂಗ್ಲಿಷಿನ ಇ ಅಕ್ಷರ ಇರುವ ನೋಂದಣಿ ಸಂಖ್ಯೆಯನ್ನು, ಉದಾಹರಣೆಗೆ 19E0123 ಎಂಬುದನ್ನು, ಎಕ್ಸೆಲ್ ಗಣಿತದ ಘಾತಸಂಖ್ಯೆಯೆಂದು ಭಾವಿಸಿ ಬದಲಿಸಿಬಿಡುತ್ತದೆ; ಸೊನ್ನೆಯಿಂದ ಆರಂಭವಾಗುವ ಸಂಖ್ಯೆಗಳ ಸೊನ್ನೆಯನ್ನು ನುಂಗುತ್ತದೆ. ಆದ್ದರಿಂದ ಒಂದಕ್ಷರವನ್ನೂ ತುಂಬುವ ಮೊದಲು ಆ ಅಂಕಣವನ್ನು ‘ಟೆಕ್ಸ್ಟ್’ ಎಂದು ಬದಲಿಸಿ. ತುಂಬಿದ ಮೇಲೆ ಬದಲಿಸಿದರೆ ಹೋದದ್ದು ಮರಳುವುದಿಲ್ಲ. ಎರಡನೆಯದಾಗಿ, ಸಿಎಸ್‌ವಿ ರೂಪದಲ್ಲಿ ಉಳಿಸುವಾಗ ಯುಟಿಎಫ್-8 ಎಂಬ ಯೂನಿಕೋಡ್ ಅಕ್ಷರ ಸಂಕೇತವನ್ನು ಆಯ್ಕೆ ಮಾಡದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಲಿಬ್ರೆಆಫೀಸ್ ಕಡತ ತೆರೆಯುವಾಗಲೇ ಅಕ್ಷರ ಸಂಕೇತ ಯಾವುದೆಂಬ ಪ್ರಶ್ನೆಯನ್ನು ಕೇಳುವುದರಿಂದ ಈ ಕೆಲಸಕ್ಕೆ ಅದೇ ಮೇಲು.

ವಿಷಯಪದಗಳನ್ನು ವಿದ್ಯಾರ್ಥಿಗಳಿಗೇ ಬಿಟ್ಟರೆ ‘ಅಧ್ಯಯನ’, ‘ಒಂದು ಸಮೀಕ್ಷೆ’ ಎಂಬವೇ ಬರುತ್ತವೆ. ವಿಭಾಗದ ಅಧ್ಯಾಪಕರು ನೂರು ಪದಗಳ ಒಂದು ಪಟ್ಟಿಯನ್ನು ಮಾಡಿಕೊಟ್ಟು, ಅದರಿಂದ ಮೂರರಿಂದ ಐದನ್ನು ಆರಿಸಲು ಹೇಳುವುದು ಒಳ್ಳೆಯದು. ಸ್ಥಳದ ಅಂಕಣದಲ್ಲಿ ಊರಿನ ಜೊತೆಗೆ ತಾಲ್ಲೂಕು ಮತ್ತು ಜಿಲ್ಲೆ ಇರಲೇಬೇಕು. ರಾಮಪುರ, ಹೊಸಹಳ್ಳಿ ಎಂಬ ಹೆಸರಿನ ಊರುಗಳು ರಾಜ್ಯದಲ್ಲಿ ಎಷ್ಟಿವೆಯೆಂದು ಬೇರೆ ಹೇಳಬೇಕಿಲ್ಲ.

## ಹಂತ 5: ಸ್ಕ್ಯಾನಿಂಗ್

ಮೂಲ ಕಡತ ಇರುವ ವರದಿಯನ್ನು ಸ್ಕ್ಯಾನ್ ಮಾಡಬೇಡಿ. ಕಳೆದ ಕೆಲವು ವರ್ಷಗಳ ವರದಿಗಳ ವರ್ಡ್ ಕಡತ ವಿದ್ಯಾರ್ಥಿಯ ಬಳಿ ಅಥವಾ ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಸಿಗಬಹುದು. ಅದರಿಂದ ನೇರವಾಗಿ ಪಿಡಿಎಫ್-ಎ (ದೀರ್ಘಕಾಲ ಕಾಯ್ದಿಡಲೆಂದೇ ಇರುವ ಪಿಡಿಎಫ್) ರೂಪಕ್ಕೆ ಬದಲಿಸಿದರೆ ಫಾಂಟುಗಳು ಕಡತದೊಳಗೇ ಉಳಿಯುತ್ತವೆ. ಮುದ್ರಿಸಿ, ಮತ್ತೆ ಸ್ಕ್ಯಾನ್ ಮಾಡುವುದು ಪಠ್ಯವನ್ನು ಚಿತ್ರವಾಗಿ ಕೆಡಿಸುವ ಕೆಲಸ.

ಮುದ್ರಿತ ಪ್ರತಿ ಮಾತ್ರ ಇದ್ದಾಗ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಬಿಂದುಗಳು), ಬೂದುಬಣ್ಣದ ವಿಧಾನದಲ್ಲಿ ಸ್ಕ್ಯಾನ್ ಮಾಡಿ. ಮಾಸಿದ ಟೈಪಿಂಗ್ ಇದ್ದರೆ 400. ಅಚ್ಚ ಕಪ್ಪುಬಿಳುಪು ವಿಧಾನದಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಂಡು ಮಸಿಯ ಚುಕ್ಕೆಗಳಾಗುತ್ತವೆ. ಎ4 ಗಾತ್ರದ ಒಂದು ಪುಟ 300 ಡಿಪಿಐನಲ್ಲಿ ಅಗಲ 2480, ಎತ್ತರ 3508 ಬಿಂದುಗಳಾಗುವುದರಿಂದ, ಕುಗ್ಗಿಸದ ಬೂದುಬಣ್ಣದ ಚಿತ್ರಕ್ಕೆ ಸುಮಾರು 8.7 ಎಂಬಿ ಬೇಕು. 80 ಪುಟದ ವರದಿಗೆ ಸುಮಾರು 700 ಎಂಬಿ, 500 ವರದಿಗಳಿಗೆ ಸುಮಾರು 350 ಜಿಬಿ. ಹಾರ್ಡ್ ಡಿಸ್ಕ್ ಕೊಳ್ಳುವ ಮೊದಲು ಈ ಗುಣಾಕಾರವನ್ನು ನಿಮ್ಮ ಮೊದಲ ಹಂತದ ಪಟ್ಟಿಗೆ ಅನ್ವಯಿಸಿ. ಈ ಮೂಲ ಚಿತ್ರಗಳನ್ನು ಟಿಫ್ ರೂಪದಲ್ಲಿ ಹಾಗೇ ಉಳಿಸಿ, ಓದುಗರಿಗಾಗಿ ಕುಗ್ಗಿಸಿದ ಪಿಡಿಎಫ್ ಅನ್ನು ಬೇರೆಯಾಗಿ ಮಾಡಿ.

ಪ್ರವೇಶ ನೋಂದಣಿಯಂಥ ದಪ್ಪ ಪುಸ್ತಕಗಳನ್ನು ಬಿಚ್ಚಬಾರದು, ಗಾಜಿನ ಮೇಲೆ ಒತ್ತಲೂಬಾರದು. ಮೇಲಿನಿಂದ ಕ್ಯಾಮೆರಾ ನಿಲ್ಲಿಸಿ, ಕಿಟಕಿಯ ನೇರ ಬಿಸಿಲು ಬೀಳದ ಜಾಗದಲ್ಲಿ ಫೋಟೋ ತೆಗೆಯಿರಿ. ಮೊಬೈಲ್ ಸ್ಕ್ಯಾನಿಂಗ್ ಆ್ಯಪ್‌ಗಳಿಂದ ಈ ಪುಸ್ತಕಗಳನ್ನು ದೂರವಿಡಿ, ಏಕೆಂದರೆ ಅವುಗಳಲ್ಲಿ ಹಲವು ಚಿತ್ರವನ್ನು ತಮ್ಮದೇ ಸರ್ವರಿಗೆ ಕಳುಹಿಸುತ್ತವೆ. ಪ್ರತಿ ಹತ್ತು ವರದಿಗಳಿಗೊಮ್ಮೆ ನಿಲ್ಲಿಸಿ, ಪುಟಗಳ ಸಂಖ್ಯೆಯನ್ನು ಮುದ್ರಿತ ಪ್ರತಿಯ ಜೊತೆ ತಾಳೆ ನೋಡುವುದು ಕಡ್ಡಾಯ. ಎರಡು ಹಾಳೆ ಒಟ್ಟಿಗೆ ಸರಿದುಹೋಗುವುದು ಸ್ಕ್ಯಾನಿಂಗಿನ ಅತಿ ಸಾಮಾನ್ಯ ದೋಷ.

## ಹಂತ 6: ಕನ್ನಡ ಪಠ್ಯವನ್ನು ಹುಡುಕಲು ಬರುವಂತೆ ಮಾಡಿ

ಪರದೆಯ ಮೇಲೆ ಅಚ್ಚುಕಟ್ಟಾಗಿ ಕಾಣುವ ಕನ್ನಡ ವರದಿಯು ಹುಡುಕಾಟದಲ್ಲಿ ಒಮ್ಮೆಯೂ ಸಿಗದಿರುವುದಕ್ಕೆ ಕಾರಣ ಹಳೆಯ ನುಡಿ ಅಥವಾ ಬರಹ ಫಾಂಟು. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ಕನ್ನಡ ಇರುವುದು ನೋಟದಲ್ಲಿ ಮಾತ್ರ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡ ಬಂದರೆ ಯೂನಿಕೋಡ್, ಅರ್ಥವಾಗದ ರೋಮನ್ ಅಕ್ಷರಗಳು ಬಂದರೆ ಹಳೆಯ ಫಾಂಟು. ಕೃತಿಚೌರ್ಯ ಪತ್ತೆಯ ಸಾಫ್ಟ್‌ವೇರ್‌ಗೂ ಇಂಥ ಕಡತ ಅರ್ಥವಾಗುವುದಿಲ್ಲ; ಹೋಲಿಕೆ ಶೂನ್ಯ ಎಂದು ವರದಿ ಬಂದರೆ ಸಂತೋಷಪಡುವ ಮೊದಲು ಈ ಪರೀಕ್ಷೆ ಮಾಡಿ.

ವರ್ಡ್ ಕಡತ ಇದ್ದರೆ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಬಹುದು. ಆದರೆ ಪರಿವರ್ತಕದಿಂದ ಬಂದದ್ದನ್ನು ಹಾಗೇ ಒಪ್ಪಬಾರದು. ಅರ್ಕಾವೊತ್ತು ಇರುವ ‘ಕರ್ನಾಟಕ’, ‘ಮಾರ್ಗದರ್ಶನ’, ‘ವರ್ಷ’ ಮೊದಲಾದ ಪದಗಳನ್ನು ಮೊದಲು ಹುಡುಕಿ ನೋಡಿ, ಏಕೆಂದರೆ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಒತ್ತಲಾಗಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳು, ಆಧಾರಸೂಚಿಯ ಇಂಗ್ಲಿಷ್ ಪುಸ್ತಕಗಳ ಹೆಸರುಗಳು ಅರ್ಥಹೀನ ಕನ್ನಡ ಅಕ್ಷರಗಳಾಗಿ ಬದಲಾಗಿರುತ್ತವೆ. ಕೋಷ್ಟಕಗಳೊಳಗಿನ ಅಂಕಿಗಳನ್ನೂ ಒಮ್ಮೆ ತಾಳೆ ನೋಡಬೇಕು.

ಯೂನಿಕೋಡಿನಲ್ಲೇ ಟೈಪಾದ ವರದಿಗಳಲ್ಲಿಯೂ ಕಣ್ಣಿಗೆ ಕಾಣದ ದೋಷಗಳಿವೆ. ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತಿರುವುದು ಬಹಳ ಕಡೆ ಕಾಣುತ್ತದೆ. ‘ಸ೦ಶೋಧನೆ’ ಮತ್ತು ‘ಸಂಶೋಧನೆ’ ಓದುವವರಿಗೆ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ‘ರ‍್ಯಾಂಕ್’ ಪದದಲ್ಲಿ ಅಡಗಿರುವ ಜೋಡಕ ಚಿಹ್ನೆಯೂ ಅಂಥದೇ. ಶೀರ್ಷಿಕೆ, ವಿಷಯಪದ ಮತ್ತು ಸಾರಾಂಶ ಈ ಮೂರರಲ್ಲಾದರೂ ಇವನ್ನು ಹುಡುಕಿ-ಬದಲಿಸುವ ಆಜ್ಞೆಯಿಂದ ತಿದ್ದಿ. ಇಡೀ ಪಠ್ಯವನ್ನು ತಿದ್ದಲು ಹೋದರೆ ಕೆಲಸ ಮುಗಿಯುವುದಿಲ್ಲ, ಅದರ ಅಗತ್ಯವೂ ಇಲ್ಲ.

ಸ್ಕ್ಯಾನ್ ಮಾಡಿದ ಪುಟಗಳಿಗೆ ಟೆಸೆರಾಕ್ಟ್‌ನ ಕನ್ನಡ ದತ್ತಾಂಶ ಬಳಸಿ ಅಕ್ಷರ ಗುರುತಿಸಬಹುದು. ಸ್ಪಷ್ಟವಾದ ಮುದ್ರಣದಲ್ಲಿ ಫಲ ಚೆನ್ನಾಗಿರುತ್ತದೆ, ಕೈಬರಹಕ್ಕೆ ಅದು ಪ್ರಯೋಜನವಿಲ್ಲ. ಕೈಬರಹದ ವರದಿಗಳಿಗೆ ಪರಿವಿಡಿಯನ್ನಾದರೂ ಟೈಪ್ ಮಾಡಿ ಸಾರಾಂಶದ ಅಂಕಣಕ್ಕೆ ಸೇರಿಸಿದರೆ ಹುಡುಕುವವರಿಗೆ ಒಂದು ಹಿಡಿ ಸಿಗುತ್ತದೆ.

## ಹಂತ 7: ಈಗ ಸಾಫ್ಟ್‌ವೇರ್

ಡಿಸ್ಪೇಸ್ ಎಂಬ ಭಂಡಾರದ ಸಾಫ್ಟ್‌ವೇರ್ ಉಚಿತ, ಭಾರತದ ವಿಶ್ವವಿದ್ಯಾಲಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ, ಯೂನಿಕೋಡ್ ಕನ್ನಡವನ್ನು ನಿಭಾಯಿಸುತ್ತದೆ. ಆದರೆ ಅದರ ಏಳನೆಯ ಆವೃತ್ತಿಯಿಂದ ಮುಂದಿನವು ಹಳೆಯ ಕಂಪ್ಯೂಟರಿನಲ್ಲಿ ಓಡುವಂಥವಲ್ಲ. ಕನಿಷ್ಠ 8 ಜಿಬಿ ಮೆಮೊರಿ ಮತ್ತು ಲಿನಕ್ಸ್ ತಿಳಿದ ಒಬ್ಬರು ಬೇಕು. ಅಂಥವರು ಇಲ್ಲದ ಕಾಲೇಜು, ವಿವರದ ಹಾಳೆ ಮತ್ತು ಗುರುತುಸಂಖ್ಯೆಯ ಪ್ರಕಾರ ಜೋಡಿಸಿದ ಫೋಲ್ಡರುಗಳನ್ನು ಗ್ರಂಥಾಲಯದ ಒಳಜಾಲದಲ್ಲಿ ಇಟ್ಟುಕೊಂಡೇ ವರ್ಷಗಟ್ಟಲೆ ನಡೆಸಬಹುದು. ನಾಲ್ಕನೆಯ ಹಂತದ ಹಾಳೆ ಸರಿಯಾಗಿದ್ದರೆ ಅದನ್ನು ಯಾವಾಗ ಬೇಕಾದರೂ ಡಿಸ್ಪೇಸ್‌ಗೆ ಒಟ್ಟಾಗಿ ಏರಿಸಬಹುದು.

ಡಿಸ್ಪೇಸ್‌ನಲ್ಲಿ ವಿಭಾಗಕ್ಕೊಂದು ಸಮುದಾಯ, ಅದರೊಳಗೆ ದಾಖಲೆಯ ಬಗೆಗೊಂದು ಸಂಗ್ರಹ ಸಾಕು. ವರ್ಷಕ್ಕೊಂದು ಸಂಗ್ರಹ ಮಾಡಬೇಡಿ. ವರ್ಷ ದಿನಾಂಕದ ಅಂಕಣದಲ್ಲೇ ಇದೆ. ಮೊದಲು ಐದೇ ವರದಿಗಳನ್ನು ಏರಿಸಿ, ಹೊರಗಿನ ಮೊಬೈಲಿನಿಂದ ಹುಡುಕಿ, ಮುಚ್ಚಿಟ್ಟದ್ದು ನಿಜಕ್ಕೂ ಮುಚ್ಚಿದೆಯೇ ಎಂದು ನೋಡಿದ ಮೇಲೆಯೇ ಉಳಿದವನ್ನು ಏರಿಸಿ. ಕಾಲೇಜಿನಲ್ಲಿ ಪಿಎಚ್.ಡಿ. ಕೇಂದ್ರವಿದ್ದರೆ, ಮಹಾಪ್ರಬಂಧಗಳು ವಿಶ್ವವಿದ್ಯಾಲಯದ ಮೂಲಕ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ರಾಷ್ಟ್ರೀಯ ಮಹಾಪ್ರಬಂಧ ಭಂಡಾರಕ್ಕೆ ಸೇರುತ್ತವೆ. ಇಲ್ಲಿ ಅದರ ಕೊಂಡಿ ಇದ್ದರಾಯಿತು.

## ಹಂತ 8: ಪ್ರತಿಗಳನ್ನು ಕಾಯ್ದುಕೊಳ್ಳಿ

ಮೂರು ಪ್ರತಿಗಳು ಇರಬೇಕು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು. ಒಂದೇ ಬೀರುವಿನಲ್ಲಿಟ್ಟ ಎರಡು ಹಾರ್ಡ್ ಡಿಸ್ಕುಗಳು ಬೆಂಕಿ ಮತ್ತು ಸೋರುವ ಮಾಳಿಗೆಯ ದೃಷ್ಟಿಯಿಂದ ಒಂದೇ ಪ್ರತಿ. ಪ್ರತಿ ಕಡತದ ಚೆಕ್‌ಸಮ್ ಅನ್ನು (ಕಡತದಿಂದ ಲೆಕ್ಕ ಹಾಕಿ ಪಡೆಯುವ, ಕಡತ ಬದಲಾದರೆ ತಾನೂ ಬದಲಾಗುವ ಗುರುತು) ವಿವರದ ಹಾಳೆಯ ಕೊನೆಯ ಅಂಕಣದಲ್ಲಿ ಬರೆದಿಟ್ಟು, ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ ನೋಡಿ. ಎರಡೂ ಹೊಂದದಿದ್ದರೆ ಕಡತ ಕೆಟ್ಟಿದೆ, ಇನ್ನೊಂದು ಪ್ರತಿಯಿಂದ ಬದಲಿಸಬೇಕು. ಮೂರನೆಯ ಗುಂಪಿನ ದಾಖಲೆಗಳಿರುವ ಡಿಸ್ಕಿಗೆ ಗೂಢಲಿಪೀಕರಣ ಮಾಡಿ, ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ರಾಂಶುಪಾಲರ ವಶದಲ್ಲಿಡಿ. ಸರ್ವರಿನ ಖಾತೆಯಾಗಲಿ, ಕ್ಲೌಡ್ ಖಾತೆಯಾಗಲಿ ಯಾವುದೇ ಅಧ್ಯಾಪಕರ ವೈಯಕ್ತಿಕ ಇಮೇಲ್ ಹೆಸರಿನಲ್ಲಿ ಇರಬಾರದು.

ಸ್ಕ್ಯಾನ್ ಆಯಿತೆಂದು ಮೂಲ ಕಾಗದಗಳನ್ನು ರದ್ದಿಗೆ ಹಾಕುವ ಅಧಿಕಾರ ಸಮಿತಿಗೆ ಇಲ್ಲ. ಯಾವ ದಾಖಲೆಯನ್ನು ಎಷ್ಟು ವರ್ಷ ಇಡಬೇಕೆಂಬುದನ್ನು ವಿಶ್ವವಿದ್ಯಾಲಯದ ಮತ್ತು ಇಲಾಖೆಯ ಆದೇಶಗಳನ್ನು ನೋಡಿ, ಲಿಖಿತ ಅನುಮತಿ ಪಡೆದೇ ತೀರ್ಮಾನಿಸಬೇಕು.

## ಹಂತ 9: ಪ್ರತಿ ವರ್ಷದ ರೂಢಿಯಾಗಿಸಿ

ಹೊಸ ವರದಿಗಳು ತಾವಾಗಿಯೇ ಬಂದು ಸೇರುವ ವ್ಯವಸ್ಥೆ ಇಲ್ಲದಿದ್ದರೆ, ಐದು ವರ್ಷದ ನಂತರ ಇದೇ ಶ್ರಮ ಮರುಕಳಿಸುತ್ತದೆ. ಅಂತಿಮ ಸೆಮಿಸ್ಟರಿನ ನೋ-ಡ್ಯೂ ಪತ್ರಕ್ಕೆ ಗ್ರಂಥಪಾಲಕರ ಸಹಿ ಹೇಗೂ ಬೇಕು. ವರದಿಯ ಪಿಡಿಎಫ್, ಸಹಿ ಮಾಡಿದ ಒಪ್ಪಿಗೆ ಪತ್ರ, ತುಂಬಿದ ವಿವರದ ಸಾಲು ಈ ಮೂರನ್ನು ಕೊಟ್ಟ ಮೇಲೆಯೇ ಆ ಸಹಿ ಎಂಬ ನಿಯಮ ಮಾಡಿದರೆ ಸಂಗ್ರಹ ಒಂದೇ ವಾರದಲ್ಲಿ ಮುಗಿಯುತ್ತದೆ. ತೆರೆಯಲು ಒಪ್ಪದ ವಿದ್ಯಾರ್ಥಿಯ ಸಹಿಯನ್ನು ಮಾತ್ರ ತಡೆಯಬಾರದು. ಕಡತ ಸಲ್ಲಿಸುವುದು ಕಡ್ಡಾಯ, ತೆರೆದಿಡಲು ಒಪ್ಪುವುದು ಅವರ ಇಚ್ಛೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕೆಂಬ ಸೂಚನೆಯನ್ನು ಸೆಮಿಸ್ಟರಿನ ಆರಂಭದಲ್ಲೇ ಕೊಡಿ, ಎದುರಿನ ಡಿಟಿಪಿ ಅಂಗಡಿಗೂ ಅದರ ಒಂದು ಪ್ರತಿ ಕಳುಹಿಸಿ. ಕೊನೆಯ ವಾರದಲ್ಲಿ ಟೈಪ್ ಮಾಡುವವರು ಅವರೇ.

## ಕೆಲಸ ಹಳಿ ತಪ್ಪುತ್ತಿರುವ ಸೂಚನೆಗಳು

ವಿವರದ ಹಾಳೆಯ ಸಾಲುಗಳ ಸಂಖ್ಯೆಗೂ ಫೋಲ್ಡರಿನ ಕಡತಗಳ ಸಂಖ್ಯೆಗೂ ಹೊಂದಾಣಿಕೆ ತಪ್ಪಿದ ದಿನವೇ ಕೆಲಸ ನಿಲ್ಲಿಸಿ, ಕಾರಣ ಹುಡುಕಿ. ನಂತರ ನೋಡೋಣ ಎಂದರೆ ವ್ಯತ್ಯಾಸ ಬೆಳೆಯುತ್ತದೆ. ‘ಅಂತಿಮ’, ‘ಅಂತಿಮ 2’, ‘ನಿಜವಾದ ಅಂತಿಮ’ ಎಂಬ ಹೆಸರಿನ ಹಾಳೆಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡತೊಡಗಿದರೆ, ಹಾಳೆಯ ಹೊಣೆ ಒಬ್ಬರ ಕೈಯಲ್ಲಿಲ್ಲ ಎಂದರ್ಥ. ಒಂದೇ ದಿನದಲ್ಲಿ ಅಸಾಧಾರಣ ಸಂಖ್ಯೆಯ ವರದಿಗಳು ಸ್ಕ್ಯಾನ್ ಆಗಿದ್ದರೆ ಪುಟಗಳನ್ನು ಎಣಿಸಿ ನೋಡಿ.

ಎಲ್ಲಕ್ಕಿಂತ ಗಂಭೀರವಾದ ಸೂಚನೆ ಬೇರೆ ಇದೆ. ಕಾಲೇಜಿನ ಹೆಸರಿನ ಜೊತೆ ‘ಆಧಾರ್’, ‘ಅಂಕಪಟ್ಟಿ’, ‘ಮೊಬೈಲ್ ಸಂಖ್ಯೆ’ ಎಂಬ ಪದಗಳನ್ನು ಸೇರಿಸಿ ಗೂಗಲ್‌ನಲ್ಲಿ ತಿಂಗಳಿಗೊಮ್ಮೆ ಹುಡುಕಿ. ಪ್ರವೇಶ ಪಟ್ಟಿಯಾಗಲಿ, ವಿದ್ಯಾರ್ಥಿವೇತನದ ಹಾಳೆಯಾಗಲಿ ಫಲಿತಾಂಶದಲ್ಲಿ ಕಂಡರೆ, ಅದು ನ್ಯಾಕ್‌ಗಾಗಿ ಯಾರೋ ಅವಸರದಲ್ಲಿ ಕಾಲೇಜಿನ ವೆಬ್‌ಸೈಟಿಗೆ ಏರಿಸಿದ ಕಡತವಾಗಿರುವ ಸಂಭವವೇ ಹೆಚ್ಚು. ಕೊಂಡಿಯನ್ನು ಅಳಿಸಿದರೆ ಸಾಲದು. ಸರ್ವರಿನಿಂದ ಕಡತವನ್ನೇ ತೆಗೆದು, ಹುಡುಕಾಟದ ಸೂಚಿಯಿಂದಲೂ ಅದನ್ನು ತೆಗೆಯುವಂತೆ ಗೂಗಲ್‌ಗೆ ಕೋರಿಕೆ ಸಲ್ಲಿಸಿ, ಯಾರ ವಿವರ ಹೊರಬಿತ್ತೋ ಆ ವಿದ್ಯಾರ್ಥಿಗಳಿಗೆ ಪ್ರಾಂಶುಪಾಲರ ಮೂಲಕ ತಿಳಿಸಬೇಕು. ನ್ಯಾಕ್‌ಗೆ ಪುರಾವೆ ಬೇಕಾದಾಗ ಆಧಾರ್‌ನ ಮೊದಲ ಎಂಟು ಅಂಕಿಗಳನ್ನೂ ಮೊಬೈಲ್ ಸಂಖ್ಯೆಯ ಅಂಕಣವನ್ನೂ ಮರೆಮಾಡಿದ ಪ್ರತಿಯನ್ನೇ ಕೊಡಿ. ಮರೆಮಾಡುವುದೆಂದರೆ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆಯುವುದಲ್ಲ. ಆ ಪಟ್ಟಿಯಡಿಯ ಅಂಕಿಗಳನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಹಾಗೇ ಬರುತ್ತವೆ. ಹಾಳೆಯಲ್ಲೇ ಅಂಕಿಗಳನ್ನು ಅಳಿಸಿ, ಹೊಸದಾಗಿ ಪಿಡಿಎಫ್ ಮಾಡಬೇಕು.